ಕಳಚಿಬಿದ್ದ ಪ್ರಶ್ನೆಚಿಹ್ನೆ

1985ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೂವರು ಜೀವರಸಾಯನ ವಿಜ್ಞಾನಿಗಳು, ಕುಪೇರಸ್, ಮುಯ್ಸರ್ಸ್ ಮತ್ತು ವೇವರ್, ಸಂಧಿವಾತಕ್ಕೇ ಮೀಸಲಾದ ಅಮೆರಿಕದ ಪತ್ರಿಕೆಯೊಂದರಲ್ಲಿ ಪುಟ್ಟ ಪ್ರಬಂಧ ಪ್ರಕಟಿಸಿದರು. ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳ ಮೇಲೆ ಎರಚುವ ಹೈಪೋಕ್ಲೋರೈಟ್ ಎಂಬ ತೀಕ್ಷ್ಣ ರಾಸಾಯನಿಕವನ್ನು, ಗಂಧಕವಿರುವ ಕೆಲವು ಸಂಧಿವಾತದ ಔಷಧಿಗಳು ಹಿಡಿದು ನಿಷ್ಕ್ರಿಯಗೊಳಿಸುತ್ತವೆ, ಅದು ತಯಾರಾಗುವುದನ್ನೂ ತಡೆಯುತ್ತವೆ ಎಂದು ಅದರಲ್ಲಿ ತೋರಿಸಿದ್ದರು. ಈ ಔಷಧಿಗಳು ರೋಗಿಗೆ ಗುಣ ಕೊಡುವುದು ಈ ದಾರಿಯಿಂದಲೇ ಇರಬಹುದೇ ಎಂಬ ಮಾತು ಶೀರ್ಷಿಕೆಯಲ್ಲಿಯೇ ಇತ್ತು. ಅದರ ಕೊನೆಗೆ ಒಂದು ಪ್ರಶ್ನೆಚಿಹ್ನೆ.

ಈಗ ನೀವು ಮುಂಬಯಿಯಲ್ಲಿರಿ, ಪುಣೆಯಲ್ಲಿರಿ, ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋದರೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಗುಳಿಗೆ ಸಿಗುತ್ತದೆ. ನೀರಿಗೆ ಹಾಕಿದರೆ ಬುಸುಬುಸು ಕರಗುತ್ತದೆ. ಗ್ಲುಟಾಥಯೋನ್ ಇಂಜೆಕ್ಷನ್ನು ಮೈಬಣ್ಣ ತಿಳಿಯಾಗಿಸುತ್ತದೆಂಬ ಬೋರ್ಡುಗಳನ್ನು ನಗರದ ಚರ್ಮದ ಕ್ಲಿನಿಕ್ಕುಗಳು ತೂಗುಹಾಕಿರುತ್ತವೆ. ಎರಡಕ್ಕೂ ಜನ ಕೊಡುವ ಕಾರಣ ಒಂದೇ: ‘ಆಂಟಿಆಕ್ಸಿಡೆಂಟ್ ಅಲ್ಲವಾ, ಒಳ್ಳೆಯದು.’ ಇಲ್ಲಿ ಪ್ರಶ್ನೆಚಿಹ್ನೆ ಇಲ್ಲ. ಅದು ಯಾವಾಗ, ಹೇಗೆ ಕಳಚಿಬಿತ್ತು ಎಂಬುದನ್ನು ಹುಡುಕುತ್ತ ಹಳೆಯ ಪ್ರಬಂಧಗಳನ್ನು ಓದತೊಡಗಿದೆ. ಈ ಬರಹ ಆ ಓದಿನ ಫಲ.

ನಾನು ಹೈದರಾಬಾದಿನಲ್ಲಿ ಔಷಧಿಗಳ ಗುಣಮಟ್ಟ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಅಸಿಟೈಲ್‌ಸಿಸ್ಟೀನ್ ಎಷ್ಟಿದೆ ಎಂದು ಅಳೆಯುವ ಹಳೆಯ, ಇಂದಿಗೂ ನಂಬಲರ್ಹ ವಿಧಾನವೆಂದರೆ ಅಯೋಡಿನ್. ಕಂದು ಬಣ್ಣದ ಅಯೋಡಿನ್ ದ್ರಾವಣವನ್ನು ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತೇವೆ. ಹನಿ ಬಿದ್ದ ಕ್ಷಣವೇ ಬಣ್ಣ ಮಾಯ. ಔಷಧಿ ಪೂರ್ತಿ ಖರ್ಚಾದ ಮೇಲಷ್ಟೇ ಬಣ್ಣ ನಿಲ್ಲುತ್ತದೆ. ಅಯೋಡಿನ್ ಒಂದು ಆಕ್ಸಿಡೆಂಟ್, ಪಠ್ಯಪುಸ್ತಕದ ಕನ್ನಡದಲ್ಲಿ ಉತ್ಕರ್ಷಕ. ಬಿಳಿ ರಕ್ತಕಣದ ಹೈಪೋಕ್ಲೋರೈಟ್ ಕೂಡ ಅದೇ ಜಾತಿಯದು. ಹಾಗಾಗಿ ಈ ಔಷಧಿಗಳು ಉತ್ಕರ್ಷಕಗಳನ್ನು ನುಂಗುತ್ತವೆ ಎಂಬುದು ಸುಳ್ಳಲ್ಲ. ಗಾಜಿನ ಪಾತ್ರೆಯಲ್ಲಿ ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರಶ್ನೆ ಇರುವುದು ಪಾತ್ರೆಯಿಂದ ದೇಹಕ್ಕೆ ದಾಟುವಲ್ಲಿ.

ಪಾದರಸ ಹಿಡಿಯುವ ಕೈ

ಈ ಔಷಧಿಗಳನ್ನೆಲ್ಲ ಒಂದು ಕುಟುಂಬ ಮಾಡುವುದು ಥಯಾಲ್ ಎಂಬ ಚಿಕ್ಕ ಗುಂಪು: ಒಂದು ಗಂಧಕದ ಪರಮಾಣು, ಅದಕ್ಕೆ ಅಂಟಿದ ಒಂದು ಹೈಡ್ರೋಜನ್. 1834ರಲ್ಲಿ ಡೆನ್ಮಾರ್ಕಿನ ರಸಾಯನ ವಿಜ್ಞಾನಿ ವಿಲಿಯಂ ಜೈಸ ಇಂಥ ವಸ್ತುವೊಂದನ್ನು ತಯಾರಿಸಿದಾಗ ಅದು ಪಾದರಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದನ್ನು ಕಂಡು ಮರ್ಕ್ಯಾಪ್ಟನ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಪಾದರಸ ಹಿಡಿಯುವುದು ಎಂದರ್ಥ. ಅಡುಗೆ ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯುವುದು ಈ ಜಾತಿಯ ಈಥೈಲ್ ಮರ್ಕ್ಯಾಪ್ಟನ್ನಿನ ವಾಸನೆಯೇ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲದ್ದರಿಂದ ಸೋರಿಕೆ ತಿಳಿಯಲೆಂದು ಬೇಕಂತಲೇ ಸೇರಿಸುತ್ತಾರೆ. ಅಸಿಟೈಲ್‌ಸಿಸ್ಟೀನ್ ಗುಳಿಗೆಯ ಡಬ್ಬಿ ತೆರೆದಾಗ ಬರುವ ಕೊಳೆತ ಮೊಟ್ಟೆಯಂಥ ವಾಸನೆಗೂ ಇದೇ ಮೂಲ.

ಈ ಗಂಧಕದ ಕೈಗೆ ಎರಡು ವಿದ್ಯೆಗಳಿವೆ. ಒಂದು, ಲೋಹವನ್ನು ಹಿಡಿಯುವುದು. ಇನ್ನೊಂದು, ತನ್ನ ಹೈಡ್ರೋಜನ್ನನ್ನು ಉತ್ಕರ್ಷಕಕ್ಕೆ ಕೊಟ್ಟು ಅದನ್ನು ತಣ್ಣಗಾಗಿಸುವುದು. ಕೊಟ್ಟ ಮೇಲೆ ಎರಡು ಗಂಧಕಗಳು ಒಂದಕ್ಕೊಂದು ಕೈ ಜೋಡಿಸಿ ಕೊಂಡಿಯಾಗುತ್ತವೆ. ನಮ್ಮ ಕೂದಲಿನ ಗಟ್ಟಿತನ ಇಂಥ ಕೊಂಡಿಗಳಿಂದ ಬಂದದ್ದು. ಮುಂದೆ ಹೇಳುವ ಇತಿಹಾಸದ ಗೊಂದಲಕ್ಕೆ ಈ ಎರಡು ವಿದ್ಯೆಗಳು ಒಂದೇ ಕೈಯಲ್ಲಿರುವುದೇ ಮುಖ್ಯ ಕಾರಣ.

ದೇಹಕ್ಕೆ ಈ ವಿದ್ಯೆ ಮೊದಲೇ ಗೊತ್ತಿತ್ತು. 1888ರಲ್ಲಿ ಫ್ರಾನ್ಸಿನ ದ ರೇ-ಪೈಲಾದ್ ಎಂಬಾತ ಯೀಸ್ಟಿನಲ್ಲಿ ಗಂಧಕದೊಡನೆ ಕೂಡಲೇ ವರ್ತಿಸುವ ವಸ್ತುವೊಂದನ್ನು ಕಂಡು, ಗಂಧಕಪ್ರಿಯ ಎಂಬರ್ಥದ ಫಿಲೋಥಿಯಾನ್ ಎಂಬ ಹೆಸರು ಕೊಟ್ಟ. 1921ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅದನ್ನು ಬೇರ್ಪಡಿಸಿ ಗ್ಲುಟಾಥಯೋನ್ ಎಂದು ಕರೆದರು. ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೊಳಗೂ ಅದು ಇದೆ. ಹೊರಗಿನಿಂದ ಗುಳಿಗೆ ಬರುವ ಎಷ್ಟೋ ಮೊದಲೇ ಒಳಗೆ ಒಂದು ದೊಡ್ಡ ದಾಸ್ತಾನು ಇತ್ತು ಎಂಬುದನ್ನು ನೆನಪಿಟ್ಟುಕೊಳ್ಳೋಣ.

ವಿಷಾನಿಲದಿಂದ ಬಂದ ಔಷಧಿ

ಮೊದಲ ಥಯಾಲ್ ಔಷಧಿ ಹುಟ್ಟಿದ್ದು ಯುದ್ಧದ ಭಯದಿಂದ. ಮೊದಲ ಮಹಾಯುದ್ಧದ ಕೊನೆಗೆ ಅಮೆರಿಕದಲ್ಲಿ ಲೂಯಿಸೈಟ್ ಎಂಬ ಪಾಷಾಣದ ವಿಷಾನಿಲ ಸಿದ್ಧವಾಗಿತ್ತು. ಎರಡನೇ ಯುದ್ಧ ಶುರುವಾದಾಗ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್, ಸ್ಟಾಕನ್, ಥಾಂಪ್ಸನ್ ಇದಕ್ಕೆ ಪ್ರತಿವಿಷ ಹುಡುಕಲು ಕೂತರು. ಪಾಷಾಣವು ದೇಹದ ಪ್ರೋಟೀನಿನಲ್ಲಿ ಅಕ್ಕಪಕ್ಕದ ಎರಡು ಥಯಾಲ್‌ಗಳನ್ನು ಒಟ್ಟಿಗೆ ಹಿಡಿಯುತ್ತದೆ ಎಂದು ಅವರಿಗೆ ಹೊಳೆಯಿತು. ಹಾಗಾದರೆ ಅಕ್ಕಪಕ್ಕ ಎರಡು ಥಯಾಲ್ ಇರುವ ಪುಟ್ಟ ಅಣುವನ್ನು ಕೊಟ್ಟರೆ? 1940ರಲ್ಲಿ ತಯಾರಾದ ಆ ಅಣುವೇ ಬಿಎಎಲ್, ಅಂದರೆ ಬ್ರಿಟಿಷ್ ಆಂಟಿ-ಲೂಯಿಸೈಟ್. ಅದನ್ನು ಕಡಲೆಕಾಯಿ ಎಣ್ಣೆಯಲ್ಲಿ ಕಲಸಿ ಮಾಂಸಖಂಡದ ಆಳಕ್ಕೆ ಚುಚ್ಚಬೇಕಿತ್ತು, ನೋವು ವಿಪರೀತ.

ಲೂಯಿಸೈಟ್ ದಾಳಿಗಳೇನೂ ಯುರೋಪಿನಲ್ಲಿ ನಡೆಯಲಿಲ್ಲ. ಔಷಧಿ ಮಾತ್ರ ಬೇರೆ ಕಡೆ ಕೆಲಸಕ್ಕೆ ಬಂತು. ವಿಲ್ಸನ್ ಕಾಯಿಲೆ ಎಂಬುದೊಂದಿದೆ: ಹುಟ್ಟಿನಿಂದಲೇ ತಾಮ್ರವನ್ನು ಹೊರಹಾಕಲಾಗದೆ ಅದು ಯಕೃತ್ತು ಮತ್ತು ಮಿದುಳಿನಲ್ಲಿ ಶೇಖರವಾಗುತ್ತದೆ. ಹದಿಹರೆಯದ ಹುಡುಗ ಹುಡುಗಿಯರ ಕೈ ನಡುಗುತ್ತದೆ, ಮಾತು ತೊದಲುತ್ತದೆ, ಚಿಕಿತ್ಸೆ ಇಲ್ಲದಿದ್ದರೆ ಸಾವು. 1948ರಲ್ಲಿ ಲಂಡನ್ನಿನ ಕಮಿಂಗ್ಸ್ ಈ ರೋಗಿಗಳ ಅಂಗಗಳಲ್ಲಿ ತಾಮ್ರ ಅಳೆದು, ಬಿಎಎಲ್ ಪ್ರಯತ್ನಿಸಬಹುದು ಎಂದರು. 1951ರ ಹೊತ್ತಿಗೆ ಅದು ನಿಜವಾಗಿಯೂ ಉಪಯೋಗಕ್ಕೆ ಬಂತು.

ಆದರೆ ಜೀವಮಾನವಿಡೀ ಎಣ್ಣೆಯ ಚುಚ್ಚುಮದ್ದು ಯಾರು ತೆಗೆದುಕೊಳ್ಳಬಲ್ಲರು? ಇಲ್ಲಿ ಬರುವವರು ಜಾನ್ ವಾಲ್ಷ್. ಪೆನಿಸಿಲಿನ್ ತೆಗೆದುಕೊಂಡ ರೋಗಿಗಳ ಮೂತ್ರದಲ್ಲಿ ಅದರ ಮುರಿದ ತುಣುಕೊಂದನ್ನು, ಪೆನಿಸಿಲಮೈನ್ ಎಂಬುದನ್ನು, ಅವರು ಮೊದಲೇ ಗುರುತಿಸಿದ್ದರು. ಅದರಲ್ಲೂ ಒಂದು ಥಯಾಲ್ ಇತ್ತು. 1955ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ವಿಲ್ಸನ್ ಕಾಯಿಲೆಯ ರೋಗಿಯೊಬ್ಬನನ್ನು ನೋಡಿದಾಗ ಈ ತುಣುಕು ತಾಮ್ರ ಹಿಡಿಯಬಹುದೆಂದು ತೋಚಿತು. ರೋಗಿಗೆ ಕೊಡುವ ಮೊದಲು ತಾವೇ ನುಂಗಿ ನೋಡಿದರು. 1956ರಲ್ಲಿ ಪ್ರಕಟವಾದ ಈ ಚಿಕಿತ್ಸೆ ಬಾಯಿಂದ ತೆಗೆದುಕೊಳ್ಳುವಂಥದ್ದು, ಮತ್ತು ಅದು ಸಾವಿರಾರು ಮಂದಿಯನ್ನು ಉಳಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಈ ಕಾಯಿಲೆಯ ಅಧ್ಯಯನದಲ್ಲಿ ದೊಡ್ಡ ಹೆಸರು. ಮೂರು ದಶಕಗಳಲ್ಲಿ ಅಲ್ಲಿಗೆ ಬಂದ 282 ರೋಗಿಗಳ ವಿವರವನ್ನು ಅಲ್ಲಿನ ವೈದ್ಯರು 2007ರಲ್ಲಿ ಪ್ರಕಟಿಸಿದರು.

ಇಲ್ಲಿಯವರೆಗೆ ಆಂಟಿಆಕ್ಸಿಡೆಂಟ್ ಎಂಬ ಮಾತೇ ಬಂದಿಲ್ಲ, ಗಮನಿಸಿ. ಗಂಧಕದ ಕೈ ತನ್ನ ಮೊದಲ ವಿದ್ಯೆಯನ್ನಷ್ಟೇ ತೋರಿಸಿತ್ತು. ಯಾವ ಲೋಹ, ಎಲ್ಲಿದೆ, ಎಷ್ಟು ಹೊರಬಂತು ಎಂಬ ಮೂರಕ್ಕೂ ಮೂತ್ರದಲ್ಲಿ ಅಳೆದ ಉತ್ತರವಿತ್ತು.

ಬಿಳಿ ರಕ್ತಕಣದೊಳಗಿನ ಬೆಂಕಿ

ಈಗ ಇನ್ನೊಂದು ಕಥೆ. 1933ರಲ್ಲಿ ಶಿಕಾಗೋದ ಬಾಲ್ಡ್ರಿಜ್ ಮತ್ತು ಜೆರಾರ್ಡ್, ನಾಯಿಯ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ನುಂಗುವಾಗ ಇದ್ದಕ್ಕಿದ್ದಂತೆ ಹೆಚ್ಚು ಆಮ್ಲಜನಕ ಹೀರುವುದನ್ನು ಕಂಡರು. ನುಂಗಲು ಶಕ್ತಿ ಬೇಕಲ್ಲ, ಅದಕ್ಕಾಗಿ ಏದುಸಿರು ಇರಬೇಕು ಎಂದುಕೊಂಡರು. ಕಾಲು ಶತಮಾನ ಯಾರೂ ಅದರ ಬೆನ್ನು ಹತ್ತಲಿಲ್ಲ. 1959ರಲ್ಲಿ ಸ್ಬಾರಾ ಮತ್ತು ಕಾರ್ನೋವ್‌ಸ್ಕಿ, ನುಂಗುವ ಶಕ್ತಿ ಬರುವುದು ಸಕ್ಕರೆ ಮುರಿಯುವುದರಿಂದ, ಉಸಿರಾಟದಿಂದ ಅಲ್ಲ ಎಂದು ತೋರಿಸಿದರು. ಹಾಗಾದರೆ ಆ ಆಮ್ಲಜನಕ ಎಲ್ಲಿ ಹೋಯಿತು? 1961ರಲ್ಲಿ ಅಯ್ಯರ್, ಇಸ್ಲಾಂ ಮತ್ತು ಕ್ವಾಸ್ಟೆಲ್ ಉತ್ತರದ ಒಂದು ತುದಿ ಹಿಡಿದರು: ಅದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತಿತ್ತು.

ಇನ್ನೊಂದು ತುದಿ ಕೀವಿನಲ್ಲಿತ್ತು. ಕೀವು ಯಾಕೆ ಹಸಿರು? 1941ರಲ್ಲಿ ಸ್ವೀಡನ್ನಿನ ಶೆಲ್ ಆಗ್ನರ್ ಕೀವಿನಿಂದ ಹಸಿರು ಬಣ್ಣದ ಕಿಣ್ವವೊಂದನ್ನು ಬೇರ್ಪಡಿಸಿದ್ದರು. ಇವತ್ತು ಅದನ್ನು ಮೈಲೋಪೆರಾಕ್ಸಿಡೇಸ್ ಎನ್ನುತ್ತೇವೆ. 1960ರ ದಶಕದಲ್ಲಿ ಸಿಯಾಟಲ್‌ನ ಕ್ಲೆಬನಾಫ್ ಈ ಕಿಣ್ವ, ಪೆರಾಕ್ಸೈಡ್ ಮತ್ತು ಕ್ಲೋರೈಡಿನಂಥ ಲವಣ ಮೂರೂ ಸೇರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ ಎಂದರು. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್, ಸೂಪರಾಕ್ಸೈಡ್ ಎಂಬ ಉತ್ಕರ್ಷಕವನ್ನು ಅಳಿಸುವ ಕಿಣ್ವ ನಮ್ಮ ದೇಹದಲ್ಲಿದೆ ಎಂದು ತೋರಿಸಿದರು. 1973ರಲ್ಲಿ ಬಾಸ್ಟನ್ನಿನ ಬಾಬಿಯರ್ ಮತ್ತು ಜೊತೆಗಾರರು ಬಿಳಿ ರಕ್ತಕಣವೇ ಸೂಪರಾಕ್ಸೈಡ್ ತಯಾರಿಸುತ್ತದೆ ಎಂದು ಸಾಬೀತು ಮಾಡಿದರು. 1976ರಲ್ಲಿ ಹ್ಯಾರಿಸನ್ ಮತ್ತು ಶುಲ್ಟ್ಸ್, ಮೈಲೋಪೆರಾಕ್ಸಿಡೇಸ್ ತಯಾರಿಸುವುದು ಹೈಪೋಕ್ಲೋರಸ್ ಆಮ್ಲ ಎಂದರು. ಆಮ್ಲಜನಕದಿಂದ ಸೂಪರಾಕ್ಸೈಡ್, ಅದರಿಂದ ಪೆರಾಕ್ಸೈಡ್, ಅದರ ಜೊತೆ ಉಪ್ಪಿನ ಕ್ಲೋರೈಡ್ ಸೇರಿ ಹೈಪೋಕ್ಲೋರಸ್ ಆಮ್ಲ. ಊರಿನ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಕೊಲ್ಲುವುದೂ ಇದರಿಂದಲೇ.

ಈ ಬೆಂಕಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ರೂರ ಸಾಕ್ಷಿಯೂ ಅದೇ ಕಾಲದಲ್ಲಿ ಸಿಕ್ಕಿತು. 1957ರಲ್ಲಿ ಮಿನೆಸೋಟಾದ ವೈದ್ಯರು ಪದೇ ಪದೇ ಹುಣ್ಣು, ಕೀವುಗುಳ್ಳೆ, ಜ್ವರ ಬಂದು ಸಾಯುತ್ತಿದ್ದ ಗಂಡುಮಕ್ಕಳ ಬಗ್ಗೆ ಬರೆದರು. ಅವರ ರಕ್ತದಲ್ಲಿ ಬಿಳಿ ಕಣಗಳಿಗೆ ಕೊರತೆ ಇರಲಿಲ್ಲ. ಹತ್ತು ವರ್ಷದ ನಂತರ, 1967ರ ಸುಮಾರಿಗೆ, ಅದೇ ಕಡೆಯ ಸಂಶೋಧಕರು ಗುಟ್ಟು ಬಿಡಿಸಿದರು: ಈ ಮಕ್ಕಳ ಬಿಳಿ ಕಣಗಳು ಬ್ಯಾಕ್ಟೀರಿಯಾವನ್ನು ಸರಿಯಾಗಿಯೇ ನುಂಗುತ್ತವೆ, ಆದರೆ ಆಮ್ಲಜನಕದ ಆ ಸ್ಫೋಟ ನಡೆಯುವುದಿಲ್ಲ. ನುಂಗಿದ ಶತ್ರು ಹೊಟ್ಟೆಯೊಳಗೇ ಬದುಕಿರುತ್ತದೆ. ಕ್ರಾನಿಕ್ ಗ್ರಾನುಲೊಮ್ಯಾಟಸ್ ಡಿಸೀಸ್ ಎಂಬುದು ಇದರ ಈಗಿನ ಹೆಸರು. ಉತ್ಕರ್ಷಕ ಎಂದರೆ ಕೆಟ್ಟದ್ದು ಎಂದು ಸಲೀಸಾಗಿ ಹೇಳುವವರು ಈ ಮಕ್ಕಳನ್ನು ಒಮ್ಮೆ ನೆನೆಯಬೇಕು.

ಎರಡು ಕಥೆಗಳು ಕೂಡಿದ್ದು

ಈ ಎರಡು ಕಥೆಗಳು ಸಂಧಿಸಿದ್ದು ಸಂಧಿವಾತದಲ್ಲಿ, ಅದರಲ್ಲೂ ಕೀಲುಗಳನ್ನು ತಿನ್ನುವ ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ.

ಅದಕ್ಕೆ ಹಳೆಯ ಔಷಧಿ ಚಿನ್ನ. 1890ರಲ್ಲಿ ರಾಬರ್ಟ್ ಕಾಖ್ ಚಿನ್ನದ ಸಯನೈಡು ಕ್ಷಯದ ಬ್ಯಾಕ್ಟೀರಿಯಾವನ್ನು ಗಾಜಿನ ಪಾತ್ರೆಯಲ್ಲಿ ತಡೆಯುತ್ತದೆ ಎಂದಿದ್ದರು. ಕೀಲುವಾತವೂ ಕ್ಷಯದಂತೆಯೇ ಸೋಂಕು ಇರಬಹುದೆಂಬ ಊಹೆಯ ಮೇಲೆ 1929ರಲ್ಲಿ ಫ್ರಾನ್ಸಿನ ಜಾಕ್ ಫಾರೆಸ್ಟಿಯೇ ಚಿನ್ನದ ಚುಚ್ಚುಮದ್ದು ಕೊಟ್ಟರು. ಊಹೆ ತಪ್ಪು, ಆದರೆ ಕೆಲವರಿಗೆ ಗುಣವಾಯಿತು. ಹೀಗೆ ಕೊಡುತ್ತಿದ್ದ ಚಿನ್ನ ಸಾಮಾನ್ಯವಾಗಿ ಒಂದು ಗಂಧಕದ ಅಣುವಿಗೆ ಕಟ್ಟಿಕೊಂಡಿರುತ್ತಿತ್ತು.

ಪೆನಿಸಿಲಮೈನ್ ಕೀಲುವಾತಕ್ಕೆ ಬಂದದ್ದೂ ಬೇರೆ ಊಹೆಯಿಂದಲೇ. ರೋಗಿಗಳ ರಕ್ತದಲ್ಲಿ ರುಮಟಾಯ್ಡ್ ಫ್ಯಾಕ್ಟರ್ ಎಂಬ ದೊಡ್ಡ ಪ್ರತಿಕಾಯ ಇರುತ್ತದೆ, ಅದರ ಭಾಗಗಳನ್ನು ಗಂಧಕದ ಕೊಂಡಿಗಳು ಹಿಡಿದಿಟ್ಟಿವೆ. ಥಯಾಲ್ ಕೊಟ್ಟರೆ ಕೊಂಡಿ ಕತ್ತರಿಸಬಹುದೆಂದು 1960ರ ದಶಕದಲ್ಲಿ ಅಮೆರಿಕದ ಜಾಫೆ ಯೋಚಿಸಿದರು. ಪಾತ್ರೆಯಲ್ಲಿ ಕೊಂಡಿ ಮುರಿಯಿತು. ರೋಗಿಗಳಲ್ಲಿ ಕೀಲು ಸುಧಾರಿಸಲು ತಿಂಗಳುಗಳು ಬೇಕಾದವು. ಅಷ್ಟು ನಿಧಾನ ಎಂದರೆ ಕೊಂಡಿ ಕತ್ತರಿಸುವುದು ಕಾರಣವಾಗಿರಲಾರದು. ಆದರೂ ಔಷಧಿ ಕೆಲಸ ಮಾಡುತ್ತದೆಂದು 1973ರಲ್ಲಿ ಬ್ರಿಟನ್ನಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪರೀಕ್ಷೆ ತೋರಿಸಿತು.

ಸಾಗರದಲ್ಲಿದ್ದ ನನ್ನ ದೊಡ್ಡಮ್ಮ ಎಂಬತ್ತರ ದಶಕದಲ್ಲಿ ಈ ಮಾತ್ರೆ ನುಂಗಿದವರು. ಬೆರಳುಗಳು ಸೊಟ್ಟಗಾಗಿ ಚಕ್ಕುಲಿ ಒರಳು ಒತ್ತಲು ಆಗದಂತಾಗಿತ್ತು. ಮಾತ್ರೆ ಶುರುವಾಗಿ ನಾಲ್ಕೈದು ತಿಂಗಳಿಗೆ ಬೆಳಗಿನ ಬಿಗಿತ ಇಳಿಯಿತು. ಆದರೆ ನಾಲಗೆಯ ರುಚಿ ಹೋಯಿತು. ‘ಸಾರಿಗೆ ಉಪ್ಪು ಹಾಕಿದೀನೇನೇ?’ ಎಂದು ನನ್ನಮ್ಮನನ್ನು ಕರೆದು ಕೇಳುತ್ತಿದ್ದರು. ಪದೇ ಪದೇ ಮೂತ್ರ ಪರೀಕ್ಷೆ ಆಗುತ್ತಿತ್ತು. ಎರಡನೇ ವರ್ಷ ಅದರಲ್ಲಿ ಪ್ರೋಟೀನ್ ಕಂಡಾಗ ವೈದ್ಯರು ಮಾತ್ರೆ ನಿಲ್ಲಿಸಿದರು. ರುಚಿ ಹೋಗುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಎರಡೂ ಪೆನಿಸಿಲಮೈನಿನ ಹೆಸರಾಂತ ಅಡ್ಡಪರಿಣಾಮಗಳು ಎಂದು ಪುಸ್ತಕದಲ್ಲಿ ಓದಿದ್ದು ನಾನು ಕಾಲೇಜಿಗೆ ಬಂದ ಮೇಲೆ. ಕೆಲವು ರೋಗಿಗಳಿಗೆ ಈ ಔಷಧಿಯಿಂದ ಮಯಸ್ತೀನಿಯಾದಂಥ ಹೊಸ ಕಾಯಿಲೆ ಬಂದದ್ದೂ ಉಂಟು, ಅಂದರೆ ದೇಹ ತನ್ನ ಮೇಲೆ ತಾನೇ ತಿರುಗಿಬೀಳುವ ಮತ್ತೊಂದು ಬಗೆ. ಇಷ್ಟು ಬೆಲೆ ತೆರುವ ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಬರೀ ಪಂಡಿತರ ಕುತೂಹಲವಲ್ಲ.

ಆ ಹೊತ್ತಿಗೆ ಬೆಂಕಿಯ ಕಥೆ ಸಿದ್ಧವಾಗಿತ್ತು. 1974ರಲ್ಲಿ ಮೆಕಾರ್ಡ್, ಕೀಲಿನೊಳಗಿನ ಜಿಗುಟು ದ್ರವವನ್ನು ಸೂಪರಾಕ್ಸೈಡಿನಿಂದ ಹೊರಟ ಉತ್ಕರ್ಷಕಗಳು ತೆಳ್ಳಗಾಗಿಸುತ್ತವೆ ಎಂದಿದ್ದರು. ಉರಿಯುವ ಕೀಲಿನಲ್ಲಿ ಬಿಳಿ ಕಣಗಳು ಕಿಕ್ಕಿರಿದಿರುತ್ತವೆ. ಚಿನ್ನದ ಔಷಧಿಯಲ್ಲಿ ಗಂಧಕ, ಪೆನಿಸಿಲಮೈನಿನಲ್ಲಿ ಗಂಧಕ. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವ ವಿವರಣೆ ಕೈಗೆಟುಕುವಂತಿತ್ತು: ಗಂಧಕದ ಕೈ ತನ್ನ ಎರಡನೇ ವಿದ್ಯೆಯಿಂದ ಬಿಳಿ ಕಣಗಳ ಬ್ಲೀಚನ್ನು ನುಂಗುತ್ತದೆ. 1985ರ ಆಮ್‌ಸ್ಟರ್‌ಡ್ಯಾಮ್ ಪ್ರಬಂಧ ಹೇಳಿದ್ದು ಇದನ್ನೇ, ಮತ್ತು ಹೇಳಿ ಪ್ರಶ್ನೆಚಿಹ್ನೆ ಹಾಕಿತು.

ಚಿಹ್ನೆ ಬಿದ್ದದ್ದು

1980ರ ದಶಕದಲ್ಲಿ ಇದೇ ವಿವರಣೆ ಒಂದಾದ ಮೇಲೊಂದು ಔಷಧಿಗೆ ಅಂಟಿತು. ರಕ್ತದೊತ್ತಡದ ಕ್ಯಾಪ್ಟೊಪ್ರಿಲ್ ನೋಡಿ. ಬ್ರೆಜಿಲ್‌ನ ಜರರಾಕ ಹಾವಿನ ವಿಷದ ಮೇಲೆ ಸೆರ್ಜಿಯೋ ಫೆರೇರಾ 1965ರಲ್ಲಿ ಪ್ರಕಟಿಸಿದ ಕೆಲಸದ ಎಳೆ ಹಿಡಿದು, ಅಮೆರಿಕದ ಸ್ಕ್ವಿಬ್ ಕಂಪನಿಯ ಕುಶ್ಮನ್ ಮತ್ತು ಒಂಡೆಟ್ಟಿ ರೂಪಿಸಿದ ಔಷಧಿ ಇದು; 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿ ಥಯಾಲ್ ಇಟ್ಟದ್ದು ಒತ್ತಡ ಏರಿಸುವ ಕಿಣ್ವದೊಳಗಿನ ಸತುವನ್ನು ಹಿಡಿಯಲೆಂದು. ಅಂದರೆ ಮತ್ತೆ ಮೊದಲ ವಿದ್ಯೆ. ಆದರೆ ಥಯಾಲ್ ಇದೆಯಲ್ಲ, ಹಾಗಾಗಿ ಹೃದಯಕ್ಕೆ ಆಂಟಿಆಕ್ಸಿಡೆಂಟ್ ಲಾಭವೂ ಇರಬೇಕೆಂಬ ಪ್ರಬಂಧಗಳು ಸಾಲುಗಟ್ಟಿದವು.

ಇದಕ್ಕೆ ಉತ್ತರ ಆಗಲೇ ಮಾರುಕಟ್ಟೆಯಲ್ಲಿತ್ತು. ಕ್ಯಾಪ್ಟೊಪ್ರಿಲ್ ತೆಗೆದುಕೊಂಡವರಿಗೂ ರುಚಿ ಹೋಗುತ್ತಿತ್ತು, ಮೈಮೇಲೆ ದದ್ದು ಏಳುತ್ತಿತ್ತು, ನಮ್ಮ ದೊಡ್ಡಮ್ಮನ ಮಾತ್ರೆಯ ಹಾಗೆಯೇ. ಥಯಾಲೇ ಕಾರಣವಿರಬೇಕೆಂದು ಮರ್ಕ್ ಕಂಪನಿಯವರು ಅದನ್ನು ಕಿತ್ತುಹಾಕಿ ಎನಲಾಪ್ರಿಲ್ ಮಾಡಿದರು. ಗಂಧಕವೇ ಇಲ್ಲದ ಆ ಔಷಧಿ ತೀವ್ರ ಹೃದಯ ವೈಫಲ್ಯದವರ ಸಾವನ್ನು ಕಡಿಮೆ ಮಾಡುತ್ತದೆಂದು 1987ರಲ್ಲಿ ಸ್ಕ್ಯಾಂಡಿನೇವಿಯಾದ ಪರೀಕ್ಷೆ ತೋರಿಸಿತು. ಲಾಭಕ್ಕೆ ಥಯಾಲ್ ಬೇಕೇ ಆಗಿರಲಿಲ್ಲ. ವಿಲ್ಸನ್ ಕಾಯಿಲೆಯಲ್ಲೂ ಹೀಗೆಯೇ: ಪೆನಿಸಿಲಮೈನ್ ಒಗ್ಗದವರಿಗೆ ವಾಲ್ಷ್ ಅವರೇ ಮುಂದೆ ತಂದ ಟ್ರಯೆಂಟೀನ್‌ನಲ್ಲಿ ಗಂಧಕ ಇಲ್ಲ, ತಾಮ್ರವನ್ನು ಮಾತ್ರ ಹೊರಗೆ ತರುತ್ತದೆ.

ಅಸಿಟೈಲ್‌ಸಿಸ್ಟೀನ್ ಕಥೆ ಇನ್ನೂ ದೊಡ್ಡದು. 1960ರ ದಶಕದಲ್ಲಿ ಅದು ಕಫ ಕರಗಿಸುವ ಔಷಧಿ. ಕಫವನ್ನು ಗಟ್ಟಿಯಾಗಿಸುವ ಗಂಧಕದ ಕೊಂಡಿಗಳನ್ನು ಬಿಡಿಸುತ್ತಿತ್ತು. 1970ರ ದಶಕದಲ್ಲಿ ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಅದನ್ನು ವಿಪರೀತ ಪ್ಯಾರಾಸಿಟಮಾಲ್ ನುಂಗಿದವರ ರಕ್ತನಾಳಕ್ಕೆ ಕೊಟ್ಟರು. ಪ್ಯಾರಾಸಿಟಮಾಲ್ ಅತಿಯಾದರೆ ಯಕೃತ್ತಿನ ಗ್ಲುಟಾಥಯೋನ್ ದಾಸ್ತಾನು ಬರಿದಾಗುತ್ತದೆ, ಉಳಿದ ವಿಷ ಯಕೃತ್ತನ್ನು ಕೊಲ್ಲುತ್ತದೆ. ಅಸಿಟೈಲ್‌ಸಿಸ್ಟೀನ್ ಆ ದಾಸ್ತಾನನ್ನು ಮತ್ತೆ ತುಂಬಲು ಕಚ್ಚಾವಸ್ತು. 1979ರಲ್ಲಿ ಅವರು ಪ್ರಕಟಿಸಿದ ಲೆಕ್ಕ ಇಂದಿಗೂ ಬೆರಗು ಹುಟ್ಟಿಸುತ್ತದೆ: ಹತ್ತು ಗಂಟೆಯೊಳಗೆ ಚಿಕಿತ್ಸೆ ಸಿಕ್ಕ 62 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಕೃತ್ತಿಗೆ ತೀವ್ರ ಪೆಟ್ಟು, ಈ ಔಷಧಿ ಸಿಗದ ಅಂಥದೇ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ.

ಇಂಥ ಗೆಲುವಿನ ಮೇಲೆ 1989ರಲ್ಲಿ ಲಂಡನ್ನಿನ ಅರುಓಮಾ, ಹ್ಯಾಲಿವೆಲ್ ಮತ್ತು ಸಂಗಡಿಗರ ಅಳತೆ ಬಂತು. ಅದು ಎಚ್ಚರದ ಅಳತೆ: ಅಸಿಟೈಲ್‌ಸಿಸ್ಟೀನ್ ಹೈಪೋಕ್ಲೋರಸ್ ಆಮ್ಲವನ್ನು ಚುರುಕಾಗಿ ಹಿಡಿಯುತ್ತದೆ, ಪೆರಾಕ್ಸೈಡಿನೊಡನೆ ನಿಧಾನ, ಸೂಪರಾಕ್ಸೈಡಿನೊಡನೆ ಗಮನಿಸುವಂಥ ವರ್ತನೆಯೇ ಇಲ್ಲ. ಒಂದೊಂದು ಉತ್ಕರ್ಷಕಕ್ಕೂ ಒಂದೊಂದು ಉತ್ತರ. ಆದರೆ ಆಸ್ಪತ್ರೆಗೆ, ಅಂಗಡಿಗೆ ಹೋಗುವಷ್ಟರಲ್ಲಿ ಈ ಸೂಕ್ಷ್ಮ ಉಳಿಯಲಿಲ್ಲ. ‘ಆಂಟಿಆಕ್ಸಿಡೆಂಟ್’ ಎಂಬ ಒಂದೇ ಪದ ಉಳಿಯಿತು. ಪ್ರಶ್ನೆಚಿಹ್ನೆ ಬಿದ್ದದ್ದು ಇಲ್ಲಿಯೇ ಎಂದು ನನ್ನ ಅನಿಸಿಕೆ.

ಮುಂದೆ ನಡೆದದ್ದು ಪರೀಕ್ಷೆಯ ಕಾಲ. 2000ದಲ್ಲಿ ಜರ್ಮನಿಯಲ್ಲಿ 83 ರೋಗಿಗಳ ಮೇಲೆ ನಡೆದ ಅಧ್ಯಯನ, ಸ್ಕ್ಯಾನಿಗೆ ಕೊಡುವ ಕಾಂಟ್ರಾಸ್ಟ್ ದ್ರವದಿಂದ ಮೂತ್ರಪಿಂಡಕ್ಕಾಗುವ ಹಾನಿಯನ್ನು ಅಸಿಟೈಲ್‌ಸಿಸ್ಟೀನ್ ತಡೆಯುತ್ತದೆ ಎಂದಿತು. ಜಗತ್ತಿನ ಆಸ್ಪತ್ರೆಗಳು ಕೊಡತೊಡಗಿದವು. 2018ರಲ್ಲಿ ಸುಮಾರು 5000 ಜನರ ಮೇಲೆ ಸರಿಯಾಗಿ ಪರೀಕ್ಷಿಸಿದಾಗ ಏನೂ ಲಾಭ ಕಾಣಲಿಲ್ಲ. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಫೈಬ್ರೋಸಿಸ್‌ನಲ್ಲಿ ಇದನ್ನು ಇನ್ನೆರಡು ಔಷಧಿಗಳ ಜೊತೆ ಕೊಡುವ ರೂಢಿ ಇತ್ತು. ಆ ಮೂರರ ಜೋಡಿ ಪಡೆದವರಲ್ಲಿ ಸಾವು ಹೆಚ್ಚೆಂದು ಪರೀಕ್ಷೆಯ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿ 2012ರಲ್ಲಿ ವರದಿ ಮಾಡಿದರು. ಒಂಟಿಯಾಗಿ ಕೊಟ್ಟ ಅಸಿಟೈಲ್‌ಸಿಸ್ಟೀನ್ ಖಾಲಿ ಮಾತ್ರೆಗಿಂತ ಮೇಲಲ್ಲ ಎಂದು 2014ರಲ್ಲಿ ತಿಳಿಯಿತು.

ಲೆಕ್ಕ ಎಲ್ಲಿ ತಪ್ಪಿತು

ಮೊದಲನೆಯದು ಪ್ರಮಾಣದ ಲೆಕ್ಕ. ಒಂದು ಲೀಟರ್ ರಕ್ತದ್ರವದಲ್ಲಿ ಸುಮಾರು 40 ಗ್ರಾಂ ಆಲ್ಬುಮಿನ್ ಪ್ರೋಟೀನ್ ಇರುತ್ತದೆ, ಅದರ ಪ್ರತಿ ಅಣುವಿನಲ್ಲೂ ಬಿಡಿ ಗಂಧಕದ ಒಂದು ಜಾಗವಿದೆ, ಬಹುಪಾಲು ಅಣುಗಳಲ್ಲಿ ಅದು ಕೆಲಸಕ್ಕೆ ಸಿದ್ಧ. ಬಾಯಿಂದ ನುಂಗಿದ ಅಸಿಟೈಲ್‌ಸಿಸ್ಟೀನಿನಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಹಾಗೆಯೇ ರಕ್ತಕ್ಕೆ ಸೇರುತ್ತದೆ. ಬಿಳಿ ಕಣದ ಬ್ಲೀಚು ಹುಟ್ಟಿದ ಕ್ಷಣವೇ ಪಕ್ಕದಲ್ಲಿ ಸಿಕ್ಕಿದ್ದನ್ನು ಹಿಡಿಯುತ್ತದೆ. ಅಲ್ಲಿ ಮೊದಲು ಸಿಗುವುದು ಪ್ರೋಟೀನು, ಗುಳಿಗೆಯ ಅಣುವಲ್ಲ. ನನ್ನ ಬ್ಯುರೆಟ್ಟಿನ ಕೆಳಗಿನ ಪಾತ್ರೆಯಲ್ಲಿ ಔಷಧಿ ಒಂಟಿಯಾಗಿರುತ್ತದೆ. ದೇಹದಲ್ಲಿ ಅದು ಜಾತ್ರೆಯ ಗುಂಪಿನಲ್ಲಿ ಒಬ್ಬ.

ಎರಡನೆಯದು ಆಳದ್ದು. ಬಿಳಿ ಕಣದ ಬೆಂಕಿ ಕೀಲನ್ನು ಸುಡುತ್ತದೆ, ಆರಿಸಿದರೆ ಒಳ್ಳೆಯದು ಎಂಬ ನಂಬಿಕೆಯೇ ಅಲುಗಿತು. 2003ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಹೋಲ್ಮ್‌ದಾಲ್ ತಂಡ, ಇಲಿಗಳಲ್ಲಿ ಸಂಧಿವಾತ ಎಷ್ಟು ತೀವ್ರ ಎಂದು ನಿರ್ಧರಿಸುವ ಜೀನ್ ಒಂದನ್ನು ಹುಡುಕಿತು. ಅದು ಬಿಳಿ ಕಣಗಳ ಆಮ್ಲಜನಕ ಸ್ಫೋಟದ ಯಂತ್ರದ ಒಂದು ಭಾಗದ ಜೀನ್. ಮತ್ತು ಉತ್ಕರ್ಷಕ ಕಡಿಮೆ ತಯಾರಿಸುವ ಇಲಿಗಳಿಗೆ ಸಂಧಿವಾತ ಹೆಚ್ಚು ಬಂತು, ಕಡಿಮೆಯಲ್ಲ. ಮಿನೆಸೋಟಾದ ಆ ಮಕ್ಕಳ ಕಾಯಿಲೆಯಲ್ಲಿ ಸೋಂಕಿನ ಜೊತೆಗೆ, ರೋಗಾಣು ಇಲ್ಲದ ಕಡೆಯೂ ಉರಿಯೂತ ಮಿತಿಮೀರುವುದನ್ನು ವೈದ್ಯರು ಮೊದಲೇ ಕಂಡಿದ್ದರು. ಉತ್ಕರ್ಷಕಗಳು ಆಯುಧ ಮಾತ್ರವಲ್ಲ, ಸಾಕು ನಿಲ್ಲಿಸು ಎನ್ನುವ ಸೂಚನೆಯೂ ಹೌದು ಎಂದು ಈಗ ಅರ್ಥವಾಗುತ್ತಿದೆ.

ಈ ಇತಿಹಾಸದಲ್ಲಿ ಗೆದ್ದ ಥಯಾಲ್‌ಗಳನ್ನು ಒಂದು ಕಡೆ ಇಟ್ಟು ನೋಡಿದರೆ ಒಂದು ಸಾಮ್ಯ ಕಾಣುತ್ತದೆ. ಪಾಷಾಣಕ್ಕೆ ಬಿಎಎಲ್, ತಾಮ್ರಕ್ಕೆ ಪೆನಿಸಿಲಮೈನ್, ಪ್ಯಾರಾಸಿಟಮಾಲ್ ವಿಷಕ್ಕೆ ಅಸಿಟೈಲ್‌ಸಿಸ್ಟೀನ್. ಕ್ಯಾನ್ಸರಿನ ಕೆಲವು ಔಷಧಿಗಳಿಂದ ಮೂತ್ರಕೋಶದಲ್ಲಿ ಹುಟ್ಟುವ ಅಕ್ರೋಲೀನ್ ವಿಷಕ್ಕೆ ಮೆಸ್ನಾ. ಪ್ರತಿಯೊಂದರಲ್ಲೂ ಶತ್ರು ಯಾರು, ಎಲ್ಲಿದ್ದಾನೆ, ಎಷ್ಟಿದ್ದಾನೆ ಎಂಬುದು ಗೊತ್ತಿತ್ತು, ಔಷಧಿ ಆ ಜಾಗಕ್ಕೆ ಸಾಕಷ್ಟು ತಲುಪುತ್ತಿತ್ತು. ಸೋತದ್ದೆಲ್ಲ ‘ಒಟ್ಟಾರೆ ಉತ್ಕರ್ಷಕ ಕಡಿಮೆ ಮಾಡೋಣ’ ಎಂದು ಹೊರಟಾಗ.

ನಮ್ಮಂಥವರಿಗೆ, ಅಂದರೆ ಊರು ಬಿಟ್ಟು ಬಂದು ಆಫೀಸಿನ ಲಂಚ್ ಟೇಬಲ್ಲಿನಲ್ಲಿ ಪರಸ್ಪರ ಗುಳಿಗೆ ಶಿಫಾರಸು ಮಾಡಿಕೊಳ್ಳುವವರಿಗೆ, ಈ ಚರಿತ್ರೆಯಿಂದ ಮೂರು ಪ್ರಶ್ನೆ ಸಾಕು. ಯಾವ ಉತ್ಕರ್ಷಕ? ದೇಹದ ಯಾವ ಜಾಗದಲ್ಲಿ? ನುಂಗಿದ್ದು ಅಲ್ಲಿಗೆ ಎಷ್ಟು ತಲುಪುತ್ತದೆ? ಗ್ಲುಟಾಥಯೋನ್ ಡ್ರಿಪ್ ಹಾಕುವವರ ಬಳಿ, ಆಂಟಿಆಕ್ಸಿಡೆಂಟ್ ಕೊಡಿ ಎಂದು ತಾವೇ ಕೇಳುವ ಗೆಳೆಯರ ಬಳಿ ಇವನ್ನು ಕೇಳಿ ನೋಡಿ. ಅದೇ ಪ್ರಶ್ನೆಗಳನ್ನು ನಿಮ್ಹಾನ್ಸಿನ ಹೊರರೋಗಿ ವಿಭಾಗದಲ್ಲಿ ವಿಲ್ಸನ್ ಕಾಯಿಲೆಯ ಹುಡುಗನಿಗೆ ಪೆನಿಸಿಲಮೈನ್ ಬರೆಯುವ ವೈದ್ಯರಿಗೆ ಕೇಳಿದರೆ ಉತ್ತರ ಸಿದ್ಧವಿರುತ್ತದೆ: ತಾಮ್ರ, ಯಕೃತ್ತಿನಲ್ಲಿ ಮತ್ತು ಮಿದುಳಿನಲ್ಲಿ, 24 ಗಂಟೆಯ ಮೂತ್ರದಲ್ಲಿ ಇಷ್ಟು ಮೈಕ್ರೋಗ್ರಾಂ.